ಮಾಡಿಫೈ ಮಾಡಿದ ಸ್ಟ್ರಾಟ್ ಮಾರಿದ್ದು ಹೀಗೆ

ಎಲೆಕ್ಟ್ರಿಕ್ ಗಿಟಾರ್‌ಗೆ ಎಷ್ಟೇ ಒಳ್ಳೆ ಪಾರ್ಟ್ ಹಾಕಿಸಿ, ಮಾರುವಾಗ ಆ ದುಡ್ಡು ವಾಪಸ್ ಬರುವುದಿಲ್ಲ. ಮನೆ ಮಾರುವಾಗ ಒಳಗೆ ಬಳಿಸಿದ ಬಣ್ಣಕ್ಕೆ ಯಾರಾದರೂ ಬೇರೆ ರೇಟು ಕೊಡುತ್ತಾರಾ? ಇದೂ ಹಾಗೇ. ನನಗೆ ಇಷ್ಟವಾದ ಪಿಕಪ್ (ತಂತಿಯ ಕಂಪನ ಹಿಡಿಯುವ ಕಾಯಿಲ್) ಕೊಳ್ಳುವವರಿಗೆ ಬೇಡದೆ ಇರಬಹುದು. ಅದಕ್ಕಿಂತ ಜಾಸ್ತಿ, ಅವರಿಗೆ ಅನುಮಾನ: ಯಾರೋ ಬಿಚ್ಚಿ ಜೋಡಿಸಿದ್ದಾರೆ, ಒಳಗೆ ಏನು ಮಾಡಿಟ್ಟಿದ್ದಾರೋ ಏನೋ.

ನನ್ನದು ಫೆಂಡರ್ ಕಂಪನಿಯ ಸ್ಟ್ಯಾಂಡರ್ಡ್ ಸ್ಟ್ರಾಟೋಕಾಸ್ಟರ್, ಚಿಕ್ಕದಾಗಿ ಸ್ಟ್ರಾಟ್. ಮೆಕ್ಸಿಕೋದ ಎನ್ಸೆನಾಡಾ ಫ್ಯಾಕ್ಟರಿಯದು. ಸೀರಿಯಲ್ ನಂಬರ್ ಶುರುವಾಗುವುದೇ ಎಂಎಕ್ಸ್13 ಅಂತ, ಅಂದರೆ 2013ರ ಮಾಲು. 2018ರಲ್ಲಿ ಇದರ ಜಾಗಕ್ಕೆ ಪ್ಲೇಯರ್ ಸರಣಿ ಬಂತು. ಇದರಲ್ಲಿ 21 ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ), ಆರು ಸ್ಕ್ರೂ ಟ್ರೆಮೊಲೊ (ತಂತಿ ಹಿಡಿದಿರುವ, ಅಲುಗಾಡಿಸಬಹುದಾದ ಬ್ರಿಡ್ಜ್). ಪ್ಲೇಯರ್‌ನಲ್ಲಿ 22 ಫ್ರೆಟ್, ಎರಡು ಪಾಯಿಂಟ್ ಟ್ರೆಮೊಲೊ. ಫೋನ್ ಮಾಡುವವರು ಮೊದಲು ಕೇಳುವುದೇ ಇದನ್ನು. ಹಾಗಾಗಿ ಜಾಹೀರಾತಿನ ಮೊದಲ ಸಾಲಲ್ಲೇ ಬರೆದುಬಿಟ್ಟೆ.

ವರ್ಷಗಳಲ್ಲಿ ನಾನು ಇದಕ್ಕೆ ಮಾಡಿಸಿದ್ದು ಸುಮಾರಿದೆ. ಬ್ರಿಡ್ಜ್ ಕಡೆ ಸೀಮೋರ್ ಡಂಕನ್ ಕಂಪನಿಯ ಜೆಬಿ ಹಂಬಕರ್, ಅಂದರೆ ಎರಡು ಕಾಯಿಲ್‌ನ ಪಿಕಪ್. ಅದನ್ನು ಸಿಂಗಲ್ ಕಾಯಿಲ್ ಮಾಡಲು ಪುಶ್‌ಪುಲ್ ಪಾಟ್. ಪಾಟ್ ಅಂದರೆ ವಾಲ್ಯೂಮ್, ಟೋನ್ ತಿರುಗಿಸುವ ನಾಬ್‌ನ ಕೆಳಗಿನ ಪಾರ್ಟು, ಪುಶ್‌ಪುಲ್ ಆದರೆ ಎಳೆದಾಗ ಸ್ವಿಚ್ಚೂ ಆಗುತ್ತದೆ. 250ಕೆ (ಕಿಲೋ ಓಮ್) ಪಾಟ್‌ಗಳ ಬದಲು 500ಕೆ, ಹಂಬಕರ್‌ಗೆ ಅದೇ ಸರಿ. ತಂತಿ ಜಾರದಂತೆ ಬಿಗಿಹಿಡಿಯುವ ಲಾಕಿಂಗ್ ಟ್ಯೂನರ್. ಮೂಳೆಯ ನಟ್, ಅಂದರೆ ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿ. ಪುಣ್ಯಕ್ಕೆ ಮರ ಕೊರೆಯುವ ಕೆಲಸ ಬೀಳಲಿಲ್ಲ. ಪಿಕ್‌ಗಾರ್ಡ್ (ಪಿಕಪ್ ಕೂರಿಸಿರುವ ಮುಂಭಾಗದ ಪ್ಲಾಸ್ಟಿಕ್ ಹಾಳೆ) ಎತ್ತಿ ನೋಡಿದರೆ ಹಂಬಕರ್‌ಗೆ ಬೇಕಾದ ಜಾಗ ಫ್ಯಾಕ್ಟರಿಯಲ್ಲೇ ಕೊರೆದಿತ್ತು.

ಮೊದಲು ಹಾಗೇ, ಎಲ್ಲಾ ಪಾರ್ಟ್ ಸಮೇತ ಮಾರಲು ನೋಡಿದೆ. 40 ಸಾವಿರದ ಮೇಲೆ ಯಾರೂ ಏರಲಿಲ್ಲ. ಕೆಲವರು ‘ಸ್ಟಾಕ್ ಇದ್ದಿದ್ರೆ ನೋಡ್ಬಹುದಿತ್ತು’ ಅಂದರು. ಸ್ಟಾಕ್ ಅಂದರೆ ಫ್ಯಾಕ್ಟರಿಯಿಂದ ಬಂದ ಹಾಗೇ. ಸರಿ, ಸ್ಟಾಕ್ ಮಾಡಿಯೇ ಕೊಡೋಣ ಅಂತ ಅಟ್ಟದ ಮೇಲಿನ ಡಬ್ಬ ಇಳಿಸಿದೆ.

ಆ ಡಬ್ಬವೇ ಇಲ್ಲಿ ಮುಖ್ಯ. ಹಳೇ ಪಿಕ್‌ಗಾರ್ಡನ್ನು ಪಿಕಪ್, ಪಾಟ್, ಸ್ವಿಚ್ ಸಮೇತ ಹಾಗೇ ಎತ್ತಿಟ್ಟಿದ್ದೆ. ಹಂಬಕರ್ ಸೆಟ್ಟು ಹೊಸ ಪಿಕ್‌ಗಾರ್ಡಿನಲ್ಲಿತ್ತು. ಹಾಗಾಗಿ ಕೆಲಸ ಸಲೀಸು: ಹನ್ನೊಂದು ಸ್ಕ್ರೂ, ಮೂರು ಬೆಸುಗೆ. ಜ್ಯಾಕಿಗೆ ಹೋಗುವ ಎರಡು ವೈರ್, ಹಿಂದೆ ಟ್ರೆಮೊಲೊ ಸ್ಪ್ರಿಂಗ್ ಹಿಡಿದಿರುವ ತಗಡಿನಿಂದ ಬರುವ ಅರ್ಥಿಂಗ್ ವೈರ್ ಒಂದು. ಅಷ್ಟೇ. ಬಿಚ್ಚುವ ಮೊದಲು ಫೋಟೋ ತೆಗೆದಿಟ್ಟುಕೊಂಡೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯನ್ನು ಹಳೇ ಪಾಟ್‌ಗಳಿಗೆ ಹೊಡೆದು ಚೆನ್ನಾಗಿ ತಿರುಗಿಸಿದೆ. ವಾಲ್ಯೂಮ್ ತಿರುಗಿಸಿದರೆ ಕರಕರ ಅಂದರೆ ನೋಡಲು ಬಂದವರು ಅಲ್ಲೇ ಎರಡು ಸಾವಿರ ಇಳಿಸುತ್ತಾರೆ. ಇಪ್ಪತ್ತು ರೂಪಾಯಿಯ ಕೆಲಸವೂ ಅಲ್ಲ ಅದು.

ಟ್ಯೂನರ್ ಮಾತ್ರ ಬಿಚ್ಚಲಿಲ್ಲ. ಲಾಕಿಂಗ್ ಟ್ಯೂನರ್ ಕೂರಿಸುವಾಗ ಹೆಡ್‌ಸ್ಟಾಕ್ ಹಿಂದೆ ಹೊಸ ಸ್ಕ್ರೂ ತೂತು ಮಾಡಬೇಕಾಗಿತ್ತು. ಈಗ ಹಳೆಯದನ್ನು ಹಾಕಿದರೆ ಆ ತೂತುಗಳು ಎದ್ದು ಕಾಣುತ್ತವೆ, ಏನೋ ಮುಚ್ಚಿಟ್ಟ ಹಾಗಾಗುತ್ತದೆ. ಹಾಗಾಗಿ ಹೊಸದನ್ನು ಗಿಟಾರಲ್ಲೇ ಬಿಟ್ಟು, ಹಳೇ ಸೆಟ್ಟನ್ನು ಚೀಲಕ್ಕೆ ಹಾಕಿ ಜೊತೆಗೇ ಕೊಟ್ಟೆ. ಮೂಳೆ ನಟ್ಟನ್ನೂ ಮುಟ್ಟಲಿಲ್ಲ. ಅದು ಬೇಡ ಅಂದವರನ್ನು ನಾನಂತೂ ನೋಡಿಲ್ಲ. ವಾಪಸ್ ತಿರುಗಿಸಲಾಗದ ಕೆಲಸವನ್ನು ಹತ್ತಿರದಿಂದ ಫೋಟೋ ತೆಗೆದು ಹಾಕುವುದೇ ಸರಿ. ನನ್ನ ಸ್ನೇಹಿತನೊಬ್ಬ ಸ್ಟ್ರಾಟ್ ಬಾಡಿಯ ಮರ ಕೊರೆಸಿ ಫ್ಲಾಯ್ಡ್ ರೋಸ್ ಅನ್ನುವ ಲಾಕಿಂಗ್ ಟ್ರೆಮೊಲೊ ಕೂರಿಸಿದ್ದ. ಅದನ್ನು ಇಡಿಯಾಗಿ ಯಾರೂ ಮುಟ್ಟಲಿಲ್ಲ. ಕೊನೆಗೆ ನಾಲ್ಕು ಸ್ಕ್ರೂ ಬಿಚ್ಚಿ ನೆಕ್ ಒಬ್ಬರಿಗೆ, ಬಾಡಿ ಇನ್ನೊಬ್ಬರಿಗೆ ಮಾರಿದ. ಫೆಂಡರ್ ಆದ್ದರಿಂದ ನಡೆಯಿತು. ನೆಕ್ ಅಂಟಿಸಿರುವ ಲೆಸ್ ಪಾಲ್ ಆಗಿದ್ದರೆ ಆ ದಾರಿಯೂ ಇರುತ್ತಿರಲಿಲ್ಲ.

ಸ್ಟಾಕ್ ಮಾಡಿ ಮತ್ತೆ ಹಾಕಿದ ಮೇಲೆ ಫೋನುಗಳ ಧಾಟಿಯೇ ಬೇರೆಯಾಯಿತು. ಒಂದಿಷ್ಟು ಮೋಸದವೂ ಬಂದವು. ‘ನಾನು ಆರ್ಮಿಯಲ್ಲಿದ್ದೀನಿ, ಬರಕ್ಕಾಗಲ್ಲ, ಕ್ಯೂಆರ್ ಕಳಿಸ್ತೀನಿ, ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ’ ಅನ್ನುವ ಹಳೇ ಕಥೆ. ದುಡ್ಡು ತಗೊಳ್ಳಲು ಪಿನ್ ಒತ್ತುವುದು ಎಲ್ಲಿದೆ ಸ್ವಾಮಿ?

ತಗೊಂಡವರು ಹಾಸನದ ಕಡೆಯವರು, ಇಲ್ಲಿ ಚರ್ಚಿನಲ್ಲಿ ನುಡಿಸುತ್ತಾರೆ. ಅಪಾರ್ಟ್‌ಮೆಂಟಿನಲ್ಲಿ ಜೋರಾಗಿ ನುಡಿಸಲು ಆಗಲ್ಲ ಅಲ್ವಾ, ಅದಕ್ಕೆ ಮನೆ ಹತ್ತಿರದ ಜ್ಯಾಮ್ ರೂಮಿಗೆ ಕರೆದೆ. ಒಂದು ಗಂಟೆಯ ಬಾಡಿಗೆ ನಾನೇ ಕೊಟ್ಟೆ. ಬಂದವರು ಮೊದಲು ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೆಕ್ ಸೊಟ್ಟಗಿದೆಯಾ ನೋಡಿದರು. ಆಮೇಲೆ ಒಂದೊಂದು ಫ್ರೆಟ್ಟಲ್ಲೂ ಒಂದೊಂದು ತಂತಿ ಮೀಟುತ್ತಾ ಬಂದರು. ಎಲ್ಲಾದರೂ ಜಿರ್ ಅನ್ನುತ್ತಾ ಅಂತ. ಮೊದಲ ಮೂರು ಫ್ರೆಟ್ಟಲ್ಲಿ ತಂತಿ ಕೊರೆದ ಗುರುತಿತ್ತು. ನಾನು ಫೋಟೋದಲ್ಲಿ ಮೊದಲೇ ತೋರಿಸಿದ್ದೆ. ‘ಇದು ಗೊತ್ತಿದ್ದೇ ಬಂದಿದ್ದೀನಿ ಸರ್’ ಅಂದರು, ಅದರ ಮೇಲೆ ಚೌಕಾಸಿ ಮಾಡಲಿಲ್ಲ. 50 ಹೇಳಿದ್ದೆ, 48 ಸಾವಿರಕ್ಕೆ ಮುಗಿಯಿತು.

ಇನ್ನು ಉಳಿದದ್ದು ಹಂಬಕರ್ ಇದ್ದ ಪಿಕ್‌ಗಾರ್ಡ್ ಸೆಟ್. ಅದಕ್ಕೆ ಮೆಟಲ್ ಬ್ಯಾಂಡಿನ ಹುಡುಗನೊಬ್ಬ ಗಂಟುಬಿದ್ದ. ಅವನ ಹತ್ತಿರ ದುಡ್ಡಿಗಿಂತ ಪೆಡಲ್ ಜಾಸ್ತಿ. ಬಾಸ್ ಕಂಪನಿಯ ಎಸ್‌ಡಿ1, ಅಂದರೆ ಗಿಟಾರ್ ಸದ್ದನ್ನು ಒರಟು ಮಾಡುವ ಪೆಡಲ್, ಕೊಡ್ತೀನಿ ಅಂದ. ಅದಲುಬದಲು ಮಾಡುವಾಗ ನಾನು ಎರಡೂ ಕಡೆಯ ವಸ್ತುವಿಗೆ ಮೊದಲು ನಗದು ಬೆಲೆ ಕಟ್ಟಿಸುತ್ತೇನೆ. ‘ಇದಕ್ಕದು ಸರಿಹೋಯ್ತು’ ಅನ್ನುವ ಮಾತಲ್ಲಿ ಯಾವಾಗಲೂ ಒಬ್ಬರಿಗೆ ನಷ್ಟ. ನನ್ನ ಸೆಟ್ಟು 8 ಸಾವಿರ, ಅವನ ಪೆಡಲ್ಲು ಮೂರೂವರೆ ಅಂತ ಒಪ್ಪಿದೆವು. ಉಳಿದದ್ದು ನಗದು.

ಅವನದು ಸ್ಕ್ವಯರ್, ಫೆಂಡರ್‌ನದೇ ಅಗ್ಗದ ಬ್ರ್ಯಾಂಡು. ಒಳಗಿನ ಕೊರೆತದ ಫೋಟೋ ಕಳಿಸು ಅಂದೆ. ಎಲ್ಲಾ ಸ್ಟ್ರಾಟ್ ಥರದ ಬಾಡಿಯಲ್ಲೂ ಹಂಬಕರ್ ಕೂರುವುದಿಲ್ಲ, ಸ್ಕ್ರೂ ತೂತುಗಳೂ ಹೊಂದಲೇಬೇಕೆಂದಿಲ್ಲ. ಜಾಗವೇನೋ ಇತ್ತು. ಎರಡು ತೂತು ಮಾತ್ರ ಆಚೀಚೆ ಆಗಿದ್ದವು, ‘ನಾನು ನೋಡ್ಕೋತೀನಿ ಅಣ್ಣ’ ಅಂದ.

ಹುಡುಗ ಚುರುಕು. ಮಲ್ಟಿಮೀಟರ್ ತಂದಿದ್ದ. ವಾಲ್ಯೂಮ್ ಪೂರ್ತಿ ಇಟ್ಟು ಪಿಕಪ್ಪಿನ ರೆಸಿಸ್ಟೆನ್ಸ್ ಅಳೆದರೆ 16 ಕಿಲೋ ಓಮ್‌ಗಿಂತ ಚೂರು ಕಮ್ಮಿ ತೋರಿಸಿತು. ಜೆಬಿಗೆ 16ಕ್ಕಿಂತ ಮೇಲೆ ಇರಬೇಕಲ್ವಾ ಅಂದ. ಪಕ್ಕದಲ್ಲೇ 500ಕೆ ಪಾಟ್ ಸಮಾನಾಂತರವಾಗಿ ಕೂತಿದೆ, ಅದಕ್ಕೆ ಇಳಿಯುತ್ತೆ ಅಂತ ಲೆಕ್ಕ ಮಾಡಿ ತೋರಿಸಿದೆ. ಆಮೇಲೆ ಕೇಬಲ್ಲಿಗೆ ಎರಡು ಕ್ಲಿಪ್ ಸಿಕ್ಕಿಸಿ ಆಂಪ್ ಆನ್ ಮಾಡಿದೆವು. ಸ್ಕ್ರೂಡ್ರೈವರ್ ತುದಿಯಿಂದ ಪಿಕಪ್ಪಿನ ಒಂದು ಸಾಲು ತಟ್ಟಿದರೆ ಟಪ್, ಇನ್ನೊಂದು ಸಾಲು ತಟ್ಟಿದರೂ ಟಪ್. ಪುಶ್‌ಪುಲ್ ಎಳೆದು ಮತ್ತೆ ತಟ್ಟಿದರೆ ಒಂದು ಸಾಲು ಹೆಚ್ಚುಕಮ್ಮಿ ಸುಮ್ಮನಾಯಿತು. ಹಂಬಕರ್ ಒಡೆದು ಸಿಂಗಲ್ ಆಗುತ್ತಿದೆ ಅನ್ನಲು ಇಷ್ಟು ಸಾಕು.

ಕೊನೆಗೆ ಹಿಂದೆ ತಿರುಗಿಸಿ ವೈರ್ ಉದ್ದ ನೋಡಿದ. ಕಪ್ಪು, ಹಸಿರು, ಕೆಂಪು, ಬಿಳಿ ನಾಲ್ಕೂ ಸುರುಳಿ ಸುತ್ತಿ ಟೇಪ್ ಹಾಕಿದ್ದೆ. ಮೋಟು ಕತ್ತರಿಸಿದ ವೈರಿನ ಪಿಕಪ್ಪಿಗೆ ಅರ್ಧ ರೇಟೂ ಹುಟ್ಟಲ್ಲ ಅಂತ ಅವನಿಗೂ ಗೊತ್ತಿತ್ತು. ನಾಲ್ಕೂವರೆ ಸಾವಿರ ಅಲ್ಲೇ ಕಳಿಸಿದ, ಪೆಡಲ್ಲಿನ ಬ್ಯಾಟರಿ ಮಾತ್ರ ತೆಗೆದಿಟ್ಟುಕೊಂಡ.