ಡೇಟಾಬೇಸ್ ದೊಡ್ಡದಾದಾಗ ಯಾವ ಕೆಲಸ ಮೊದಲು?

ಟೇಬಲ್‌ನಲ್ಲಿ ಸಾಲುಗಳು ಕೋಟಿಗಟ್ಟಲೆ ಆದವು, ಆ್ಯಪ್ ತೆವಳತೊಡಗಿತು. ಕೂಡಲೇ ‘ಶಾರ್ಡಿಂಗ್ ಮಾಡಿಬಿಡೋಣ’ ಎಂಬ ಮಾತು ಬರುತ್ತದೆ. ಸ್ವಲ್ಪ ತಡೆಯಿರಿ. ಶಾರ್ಡಿಂಗ್, ಅಂದರೆ ಡೇಟಾವನ್ನು ಹಲವು ಸರ್ವರ್‌ಗಳಿಗೆ ಹಂಚುವುದು, ಕೊನೆಯ ಹೆಜ್ಜೆ. ಎಷ್ಟೋ ಸಲ ಅಲ್ಲಿಯವರೆಗೆ ಹೋಗುವ ಅಗತ್ಯವೇ ಬರುವುದಿಲ್ಲ.

1. ಹೊರೆ ಎಲ್ಲಿದೆ ಎಂದು ಹುಡುಕಿ. ಯಾವ ಕ್ವೆರಿ (ಡೇಟಾಬೇಸ್‌ಗೆ ಕಳಿಸುವ ಪ್ರಶ್ನೆ) ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತಿಳಿಯಲು, ನಿಮ್ಮ ಡೇಟಾಬೇಸ್ ಮೈಎಸ್‌ಕ್ಯೂಎಲ್ ಆದರೆ ಸ್ಲೋ ಕ್ವೆರಿ ಲಾಗ್, ಪೋಸ್ಟ್‌ಗ್ರೆಸ್ ಆದರೆ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ಆನ್ ಮಾಡಿ. ಒಂದು ಸಲಕ್ಕೆ ಎಷ್ಟು ಹೊತ್ತು ಹಿಡಿಯಿತು ಎನ್ನುವುದಕ್ಕಿಂತ ಒಟ್ಟು ಎಷ್ಟು ಹೊತ್ತು ತಿಂದಿತು ಎಂದು ನೋಡಿ. 5 ಮಿಲಿಸೆಕೆಂಡಿನ ಕ್ವೆರಿ ದಿನಕ್ಕೆ ಒಂದು ಕೋಟಿ ಸಲ ಓಡಿದರೆ ಹತ್ತಿರ ಹತ್ತಿರ 14 ಗಂಟೆಯ ಕೆಲಸ. ದಿನಕ್ಕೊಮ್ಮೆ 10 ನಿಮಿಷ ಓಡುವ ರಿಪೋರ್ಟ್ ಅದರ ಮುಂದೆ ಏನೂ ಅಲ್ಲ.

2. ಇಂಡೆಕ್ಸ್ ಸರಿಮಾಡಿ. ಪುಸ್ತಕದ ಕೊನೆಯ ಪದಸೂಚಿಯಂತೆ ಬೇಕಾದ ಸಾಲನ್ನು ಬೇಗ ಹುಡುಕಿಕೊಡುವ ಪಟ್ಟಿ ಇದು. ಸಿಕ್ಕ ಕ್ವೆರಿಗೆ, ಅದು ಹೇಗೆ ಓಡುತ್ತದೆ ಎಂದು ತೋರಿಸುವ ಎಕ್ಸ್‌ಪ್ಲೇನ್ ಹಾಕಿ. ಬೇಕಾಗಿರುವುದು ಹತ್ತು ಸಾಲು, ಆದರೆ ಇಡೀ ಟೇಬಲ್ ಓದುತ್ತಿದೆ ಎಂದಾದರೆ ಕಾರಣ ಸಿಕ್ಕಿತು ಅಂತಲೇ ಲೆಕ್ಕ. ‘ಈ ಗ್ರಾಹಕರ ಇತ್ತೀಚಿನ 10 ಆರ್ಡರ್ ಕೊಡು’ ಎಂಬ ಕ್ವೆರಿಯನ್ನೇ ತೆಗೆದುಕೊಳ್ಳಿ. ಗ್ರಾಹಕರ ಐಡಿ ಮೊದಲು, ದಿನಾಂಕ ಆಮೇಲೆ ಇರುವ ಒಂದೇ ಇಂಡೆಕ್ಸ್ ಇದ್ದರೆ, ಡೇಟಾಬೇಸ್ ನೇರವಾಗಿ ಆ ಗ್ರಾಹಕರ ಜಾಗಕ್ಕೆ ಹೋಗಿ ಹತ್ತು ಸಾಲು ಎತ್ತಿಕೊಂಡು ಬರುತ್ತದೆ. ದಿನಾಂಕ ಮೊದಲಿದ್ದರೆ ಆ ಲಾಭ ಇಲ್ಲ. ಬೇರೆಯವರ ಆರ್ಡರ್‌ಗಳನ್ನೂ ದಾಟಿಕೊಂಡು ಹೋಗಬೇಕು. ಹಾಗಂತ ಸುಮ್ನೆ ಎಲ್ಲ ಕಾಲಂಗೂ ಇಂಡೆಕ್ಸ್ ಹಾಕಬೇಡಿ. ಹೊಸ ಸಾಲು ಸೇರಿಸುವ ಪ್ರತಿ ಇನ್ಸರ್ಟ್‌ಗೂ ಅವೆಲ್ಲ ಬದಲಾಗಬೇಕು. ಓಡುತ್ತಿರುವ ಪೋಸ್ಟ್‌ಗ್ರೆಸ್‌ನಲ್ಲಿ ಇಂಡೆಕ್ಸ್ ಕಟ್ಟುವಾಗ ಕನ್ಕರೆಂಟ್ಲಿ ಎಂದು ಸೇರಿಸಿ, ಇಲ್ಲದಿದ್ದರೆ ಮುಗಿಯುವವರೆಗೂ ಆ ಟೇಬಲ್‌ಗೆ ಬರೆಯಲು ಆಗುವುದಿಲ್ಲ.

3. ಕನೆಕ್ಷನ್ ಪೂಲ್ ಇಡಿ, ಅಂದರೆ ಕೆಲವೇ ಕನೆಕ್ಷನ್‌ಗಳನ್ನು ತೆರೆದಿಟ್ಟು ಎಲ್ಲರೂ ಹಂಚಿಕೊಳ್ಳುವ ಏರ್ಪಾಡು. ಪೋಸ್ಟ್‌ಗ್ರೆಸ್ ಪ್ರತಿ ಕನೆಕ್ಷನ್‌ಗೂ ಬೇರೆ ಪ್ರೊಸೆಸ್ ತೆರೆಯುತ್ತದೆ. ಸಾವಿರಾರು ಕನೆಕ್ಷನ್ ಬರುವಂತಿದ್ದರೆ ಪಿಜಿಬೌನ್ಸರ್‌ನಂಥದ್ದು ನಡುವೆ ಇರಲಿ.

4. ಟೇಬಲ್ ಒಡೆಯಿರಿ. ಲಾಗ್, ವಹಿವಾಟು ಮುಂತಾದವನ್ನು ತಿಂಗಳ ಪ್ರಕಾರ ಪಾರ್ಟಿಷನ್ ಮಾಡಿ. ಪೋಸ್ಟ್‌ಗ್ರೆಸ್‌ನಲ್ಲಿ ಕೋಟಿ ಸಾಲು ಡಿಲೀಟ್ ಮಾಡಿದರೆ ಸತ್ತ ಸಾಲುಗಳು ಅಲ್ಲೇ ಉಳಿದು, ವ್ಯಾಕ್ಯೂಮ್ ಎಂಬ ಸ್ವಚ್ಛತೆಯ ಕೆಲಸ ಬಂದು ಗುಡಿಸಬೇಕಾಗುತ್ತದೆ. ಹಳೆಯ ಪಾರ್ಟಿಷನ್ ಡ್ರಾಪ್ ಮಾಡಿದರೆ ಕ್ಷಣದಲ್ಲಿ ಮುಗಿಯಿತು. ಇದೇ ಹೊತ್ತಿಗೆ ಐಡಿ ಕಾಲಂ ಕೂಡ ನೋಡಿಬಿಡಿ. ಮಾಮೂಲಿ ಇಂಟಿಜರ್ 2,14,74,83,647ಕ್ಕೆ ನಿಲ್ಲುತ್ತದೆ, ಆಮೇಲೆ ಹೊಸ ಸಾಲು ಸೇರುವುದೇ ಇಲ್ಲ. ಅದಕ್ಕಿಂತ ತುಂಬಾ ದೊಡ್ಡ ಸಂಖ್ಯೆ ಹಿಡಿಯುವ ಬಿಗ್‌ಇಂಟ್ ಅನ್ನು ಮೊದಲೇ ಮಾಡಿಕೊಳ್ಳಿ.

5. ಓದುವುದನ್ನು ರೆಪ್ಲಿಕಾಗೆ, ಅಂದರೆ ಡೇಟಾಬೇಸಿನ ನಕಲು ಇರುವ ಇನ್ನೊಂದು ಸರ್ವರ್‌ಗೆ, ಕಳಿಸಿ. ರೆಪ್ಲಿಕಾ ಸ್ವಲ್ಪ ಹಿಂದೆ ಬೀಳಬಹುದು. ಈಗಷ್ಟೇ ಹಣ ಕಟ್ಟಿದವರಿಗೆ ‘ಬಾಕಿ ಇದೆ’ ಎಂದು ತೋರಿಸಿದರೆ ಗಾಬರಿಯಾಗುತ್ತದೆ ಅಲ್ವಾ? ಅಂಥ ಓದು ಪ್ರೈಮರಿಯಲ್ಲೇ (ಬರೆಯುವ ಮುಖ್ಯ ಸರ್ವರ್‌ನಲ್ಲೇ) ಇರಲಿ.

6. ಇಷ್ಟಾದರೂ ಸಾಲದಿದ್ದರೆ ಶಾರ್ಡಿಂಗ್. ಬರೆಯುವ ಹೊರೆಯನ್ನೇ ಒಂದು ಸರ್ವರ್ ತಾಳದಿದ್ದಾಗ ಇದು ಬೇಕು. ಹೆಚ್ಚಿನ ಕ್ವೆರಿಗಳಲ್ಲಿ ಬರುವ ಕಾಲಂ ಅನ್ನೇ ಶಾರ್ಡ್ ಕೀ (ಸಾಲು ಯಾವ ಸರ್ವರ್‌ಗೆ ಹೋಗಬೇಕೆಂದು ನಿರ್ಧರಿಸುವ ಕಾಲಂ) ಮಾಡಿ, ಇಲ್ಲದಿದ್ದರೆ ಪ್ರತಿ ಪ್ರಶ್ನೆಯೂ ಎಲ್ಲ ಸರ್ವರ್‌ಗಳ ಬಾಗಿಲು ತಟ್ಟುತ್ತದೆ. ಐಡಿಯ ಹ್ಯಾಶ್ ಅನ್ನು (ಐಡಿಯಿಂದ ಲೆಕ್ಕಹಾಕಿ ಪಡೆದ ಸಂಖ್ಯೆಯನ್ನು) ಸರ್ವರ್‌ಗಳ ಸಂಖ್ಯೆಯಿಂದ ಭಾಗಿಸಿ ಶೇಷ ನೋಡುವ ದಾರಿ ಬೇಡ. 4 ಸರ್ವರ್ 5 ಆದ ದಿನ ಶೇ 80ರಷ್ಟು ಸಾಲುಗಳು ಜಾಗ ಬದಲಿಸಬೇಕಾಗುತ್ತದೆ. ಅದರ ಬದಲು ಮೊದಲೇ 1,024 ಸಣ್ಣ ಶಾರ್ಡ್ ಮಾಡಿ ನಾಲ್ಕು ಸರ್ವರ್‌ಗಳಲ್ಲಿ ಹಂಚಿಡಿ. ಐದನೆಯದು ಬಂದಾಗ ಸುಮಾರು 200 ಶಾರ್ಡ್‌ಗಳನ್ನು ಇಡಿಯಾಗಿ ಅಲ್ಲಿಗೆ ಸಾಗಿಸಿದರಾಯಿತು.