ಆಂಡ್ರ್ಯೂ ಮೈನಾರ್ಸ್ಕಿಯವರ ಕೊನೆಯ ರಾತ್ರಿಯನ್ನು ನಾನು ಬರೆದ ಬಗೆ

ಕೆನಡಾದ ಹ್ಯಾಮಿಲ್ಟನ್ ನಗರದ ಯುದ್ಧವಿಮಾನ ಸಂಗ್ರಹಾಲಯದಲ್ಲಿ ಒಂದು ಲ್ಯಾಂಕಾಸ್ಟರ್ ಬಾಂಬರ್ ಇದೆ. ಅದರ ಮೈಮೇಲೆ ಬರೆದಿರುವ ‘ವಿಆರ್-ಎ’ ಎಂಬ ಅಕ್ಷರಗಳು ಅದರದೇ ಗುರುತಲ್ಲ. 1944ರ ಜೂನ್‌ನಲ್ಲಿ ಫ್ರಾನ್ಸಿನಲ್ಲಿ ಉರಿದು ಬಿದ್ದ ಕೆಬಿ 726 ಎಂಬ ಇನ್ನೊಂದು ಲ್ಯಾಂಕಾಸ್ಟರಿನವು. ಆ ವಿಮಾನದ ಬೆನ್ನಿನ ಮೇಲಿನ ಟರೆಟ್ಟಿನಲ್ಲಿ, ಅಂದರೆ ಗನ್ನುಗಳಿರುವ ತಿರುಗುವ ಗೂಡಿನಲ್ಲಿ, ಗನ್ನರ್ ಆಗಿದ್ದವರು ಆಂಡ್ರ್ಯೂ ಚಾರ್ಲ್ಸ್ ಮೈನಾರ್ಸ್ಕಿ. ಅವರ ಬದುಕನ್ನು ಕನ್ನಡದಲ್ಲಿ ಬರೆಯಬೇಕೆಂದು ನನಗೆ ಅನ್ನಿಸಿದ್ದು ಆ ಅಕ್ಷರಗಳ ಕೆಳಗೆ ನಿಂತಾಗ.

ಬಾಲ್ಯ ಮತ್ತು ತರಬೇತಿಯ ಭಾಗವನ್ನು ಬರೆಯುವುದು ಕಷ್ಟವಾಗಲಿಲ್ಲ. ಅವರು ಹುಟ್ಟಿದ್ದು 1916ರ ಅಕ್ಟೋಬರ್ 14ರಂದು, ವಿನಿಪೆಗ್‌ನಲ್ಲಿ, ಪೋಲೆಂಡಿನಿಂದ ವಲಸೆ ಬಂದ ಕುಟುಂಬದಲ್ಲಿ. ಹದಿಹರೆಯದಲ್ಲೇ ತಂದೆ ತೀರಿಕೊಂಡದ್ದರಿಂದ ಮನೆಗೆ ನೆರವಾಗಲು ತುಪ್ಪಳದ ಉಡುಪು ತಯಾರಿಸುವಲ್ಲಿ ಚರ್ಮ ಕತ್ತರಿಸುವ ಕೆಲಸಕ್ಕೆ ಸೇರಿದರು. 1941ರಲ್ಲಿ ಕೆನಡಾದ ವಾಯುಪಡೆಗೆ ಸೇರಿ, ತರಬೇತಿಯ ನಂತರ ಇಂಗ್ಲೆಂಡಿಗೆ ಹೋಗಿ, 1944ರ ವಸಂತದಲ್ಲಿ ಮಿಡಲ್ಟನ್ ಸೇಂಟ್ ಜಾರ್ಜ್‌ನಲ್ಲಿದ್ದ 419ನೇ ಸ್ಕ್ವಾಡ್ರನ್ನಿಗೆ ಬಂದರು. ಇಲ್ಲಿ ಒಂದು ಎಚ್ಚರಿಕೆ ಬೇಕು. ದಾಖಲೆಯಲ್ಲಿ ಅವರ ಹೆಸರಿನ ಮುಂದೆ ‘ಪೈಲಟ್ ಆಫೀಸರ್’ ಎಂದಿದೆ. ಅದು ದರ್ಜೆಯ ಹೆಸರೇ ಹೊರತು ಅವರು ವಿಮಾನ ನಡೆಸುತ್ತಿದ್ದರು ಎಂದಲ್ಲ. ನಡೆಸುತ್ತಿದ್ದವರು ಆರ್ಟ್ ಡಿ ಬ್ರೇನ್.

ದಿನಾಂಕದಲ್ಲೂ ಗೊಂದಲವಾಗುತ್ತದೆ. ಜೂನ್ 12ರ ರಾತ್ರಿ ಹೊರಟ ವಿಮಾನ ಬಿದ್ದದ್ದು ನಡುರಾತ್ರಿ ಕಳೆದ ಮೇಲೆ, ಅಂದರೆ 13ರಂದು. ಗುರಿ ಕಾಂಬ್ರೇ ಪಟ್ಟಣದ ರೈಲ್ವೆ ಯಾರ್ಡ್. ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿದು ಆಗ ಒಂದೇ ವಾರವಾಗಿತ್ತು. ಜರ್ಮನ್ನರ ಹೆಚ್ಚುವರಿ ಪಡೆಗಳು ಅಲ್ಲಿಗೆ ತಲುಪದಂತೆ ರೈಲು ಮಾರ್ಗಗಳನ್ನು ಕಡಿಯಬೇಕಿತ್ತು.

ನಾನು ಹೆಚ್ಚು ದಿನ ಕಳೆದದ್ದು ಬಾಲದ ಟರೆಟ್ಟನ್ನು ಅರ್ಥಮಾಡಿಕೊಳ್ಳುವುದರಲ್ಲಿ, ಏಕೆಂದರೆ ಅದು ತಿಳಿಯದೆ ಆ ರಾತ್ರಿ ತಿಳಿಯುವುದಿಲ್ಲ. ನಾಲ್ಕು ಬ್ರೌನಿಂಗ್ ಮೆಷಿನ್ ಗನ್ನುಗಳ ಹಿಂದೆ ಒಬ್ಬನೇ ಕೂರುವಷ್ಟು ಇಕ್ಕಟ್ಟಾದ ಆ ಗೂಡು ತಿರುಗುತ್ತಿದ್ದುದು ಎಡಬದಿಯ ಎಂಜಿನ್ನಿನಿಂದ ಬರುವ ಹೈಡ್ರಾಲಿಕ್ ಒತ್ತಡದಿಂದ. ಜರ್ಮನ್ನರ ಜಂಕರ್ಸ್ 88 ಯುದ್ಧವಿಮಾನದ ಗುಂಡೇಟಿಗೆ ಎಡಗಡೆಯ ಎರಡೂ ಎಂಜಿನ್ನುಗಳು ನಿಂತುಹೋದಾಗ ಟರೆಟ್ಟೂ ನಿಂತಿತು. ಕೈಯಿಂದ ತಿರುಗಿಸುವ ಸಾಧನವೂ ಬಾಲದ ಗನ್ನರ್ ಪ್ಯಾಟ್ ಬ್ರೋಫಿಯವರ ಹೋರಾಟದಲ್ಲಿ ಮುರಿಯಿತು. ಟರೆಟ್ಟು ತಿರುಗದೆ ಹೊರಹೋಗುವ ದಾರಿ ಮುಚ್ಚಿತು.

ಜಿಗಿಯಲು ಬಾಗಿಲ ಬಳಿಗೆ ಬಂದಿದ್ದ ಮೈನಾರ್ಸ್ಕಿಯವರು ಇದನ್ನು ಕಂಡು, ನಡುವೆ ಉರಿಯುತ್ತಿದ್ದ ಬೆಂಕಿಯನ್ನು ದಾಟಿ ಟರೆಟ್ಟಿನತ್ತ ಹೋದರು. ಸೊಂಟದವರೆಗಿನ ಬಟ್ಟೆಗೂ ಪ್ಯಾರಾಚೂಟಿಗೂ ಬೆಂಕಿ ಹತ್ತಿತು. ಇನ್ನೇನೂ ಮಾಡಲಾಗದು, ಹೋಗು ಎಂದು ಬ್ರೋಫಿ ಸನ್ನೆ ಮಾಡಿದ ಮೇಲೆ ಹಿಂತಿರುಗಿ, ಉರಿಯುವ ಬಟ್ಟೆಯಲ್ಲೇ ನೆಟ್ಟಗೆ ನಿಂತು ಸೆಲ್ಯೂಟ್ ಮಾಡಿ ಜಿಗಿದರು. ಕೆಳಗಿದ್ದ ಫ್ರೆಂಚರು ಅವರನ್ನು ಕಂಡರಾದರೂ ಸುಟ್ಟ ಗಾಯಗಳಿಂದ ಅವರು ಉಳಿಯಲಿಲ್ಲ. ಬ್ರೋಫಿ ಮಾತ್ರ, ವಿಮಾನ ನೆಲಕ್ಕಪ್ಪಳಿಸಿದಾಗ ಹೊರಕ್ಕೆಸೆಯಲ್ಪಟ್ಟು ಬದುಕಿದರು.

ನಾನು ತಪ್ಪಿದ್ದು ಇಲ್ಲಿಯೇ. ಮೊದಲ ಕರಡಿನಲ್ಲಿ ಮೈನಾರ್ಸ್ಕಿಯವರು ‘ಗುಡ್ ನೈಟ್, ಸರ್’ ಎಂದು ಕೂಗಿದರು ಎಂದು ಬರೆದಿದ್ದೆ. 1946ರ ಅಕ್ಟೋಬರ್ 11ರ ಲಂಡನ್ ಗೆಜೆಟ್ ಎಂಬ ಸರ್ಕಾರಿ ಪತ್ರಿಕೆಯಲ್ಲಿ ಅವರಿಗೆ ಶೌರ್ಯದ ಅತ್ಯುನ್ನತ ಪದಕವಾದ ವಿಕ್ಟೋರಿಯಾ ಕ್ರಾಸ್ ಘೋಷಿಸಿದ ಬರಹವನ್ನು ಮತ್ತೆ ಓದಿದಾಗ ಅದರಲ್ಲಿ ಸೆಲ್ಯೂಟ್ ಇದೆ, ಆ ಮಾತು ಇಲ್ಲ. ಅದು ಬ್ರೋಫಿಯವರ ನೆನಪಿನಿಂದ ಬಂದದ್ದು: ಗೆಳೆಯರಿಬ್ಬರೂ ರಾತ್ರಿ ಬೇರೆಯಾಗುವಾಗ ಹೇಳಿಕೊಳ್ಳುತ್ತಿದ್ದ ಮಾತು, ಆ ಗದ್ದಲದಲ್ಲಿ ಕಿವಿಗೆ ಬೀಳದೆಯೂ ಅವರಿಗೆ ತಿಳಿದ ಮಾತು. ಅಂದಿನಿಂದ ಪ್ರತಿ ವಾಕ್ಯದ ಪಕ್ಕದಲ್ಲೂ ಅದನ್ನು ಹೇಳಿದವರು ಯಾರು ಎಂದು ಗುರುತು ಹಾಕತೊಡಗಿದೆ. ವಿಮಾನದ ಒಳಗಿನ ಆ ಕೊನೆಯ ಕ್ಷಣಗಳಿಗೆ ಸಾಕ್ಷಿ ಒಬ್ಬರೇ, ಮೈನಾರ್ಸ್ಕಿ ಯಾರನ್ನು ಉಳಿಸಲು ಹೋದರೋ ಅವರೇ. ಬ್ರೋಫಿ ಅಂದು ಸತ್ತಿದ್ದರೆ ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡಿನ ಐವತ್ತೈದು ಸಾವಿರಕ್ಕೂ ಹೆಚ್ಚು ಸಾವುಗಳಲ್ಲಿ ಇದೂ ಒಂದು ಸಾಲಾಗಿ ಉಳಿಯುತ್ತಿತ್ತು.

ಆದ್ದರಿಂದ ಆ ಸಾಲನ್ನು ತಿದ್ದಿ, ‘ಗುಡ್ ನೈಟ್, ಸರ್ ಎಂದರೆಂದು ಬ್ರೋಫಿ ನೆನೆಯುತ್ತಿದ್ದರು’ ಎಂದು ಬರೆದೆ. ಏಳು ಮಂದಿಯಲ್ಲಿ ಉಳಿದ ಆರೂ ಜನ ಯುದ್ಧದಿಂದ ಮರಳಿದರು; ಮೈನಾರ್ಸ್ಕಿಯವರ ಸಮಾಧಿ ಸೋಮ್ ಸೀಮೆಯ ಮೆಅರಿಕೂರ್ ಗ್ರಾಮದ ಸ್ಮಶಾನದಲ್ಲಿದೆ.