ಮಡಿಕೇರಿ ಮಳೆಯಲ್ಲೂ ಗ್ರಾಫೀನ್ ಜೆಲ್ ಮೇಲೆ ಸೆಲ್ ಬೆಳೆಸಿದೆವು

"ಮಳೆಗಾಲದಲ್ಲಿ ಕರೆಂಟೇ ಇರಲ್ಲ, ಅಲ್ಲಿ ಸೆಲ್ ಕಲ್ಚರಾ?" ಅಂದವರೇ ಜಾಸ್ತಿ. ಸೆಲ್ ಕಲ್ಚರ್ ಅಂದರೆ ಜೀವಕೋಶಗಳನ್ನು ದೇಹದ ಹೊರಗೆ ಬೆಳೆಸುವುದು. ಆಯಿತು ನೋಡಿ. ಇಲಿಯ ಫೈಬ್ರೋಬ್ಲಾಸ್ಟ್ ಅನ್ನೋ, ಅಂಗಾಂಶ ಕಟ್ಟುವ ಸೆಲ್‌ಗಳು ನಮ್ಮ ಜೆಲ್ ಮೇಲೆ ಸುಮಾರು ಎರಡು ವಾರ ಕೈಕಾಲು ಚಾಚಿ ಹರಡಿಕೊಂಡವು.

ಮೊದಲು ಬರೀ ಗ್ರಾಫೀನ್ ಜೆಲ್ ಮಾಡಿದೆವು. ಗ್ರಾಫೀನ್ ಅಂದರೆ ಇಂಗಾಲದ ತೀರಾ ತೆಳು ಹಾಳೆ, ಆಮ್ಲಜನಕ ಸೇರಿದರೆ ಗ್ರಾಫೀನ್ ಆಕ್ಸೈಡ್. ಗ್ರಾಫೀನ್ ಆಕ್ಸೈಡಿಗೆ ವಿಟಮಿನ್ ಸಿ ಹಾಕಿ 95 ಡಿಗ್ರಿಯಲ್ಲಿ ಇಟ್ಟರೆ ಕಪ್ಪಗೆ, ಗಟ್ಟಿಯಾಗಿ ಕೂರುತ್ತದೆ. ಆದರೆ ಮೈಕ್ರೋಸ್ಕೋಪಿನ ಬೆಳಕು ಅದನ್ನು ದಾಟಲ್ಲ. ಬದುಕಿರುವ ಸೆಲ್ ಇದ್ದರೆ ನೇರಳೆ ಬಣ್ಣ ಬರುವ ಎಂಟಿಟಿ ಟೆಸ್ಟನ್ನಂತೂ ನಂಬಬೇಡಿ. ಸೆಲ್ಲೇ ಹಾಕದ ಜೆಲ್ ಕೂಡ ಚೆನ್ನಾಗಿ ನೇರಳೆಯಾಯಿತು! ಗ್ರಾಫೀನ್ ತಾನೇ ಎಂಟಿಟಿಗೆ ಬಣ್ಣ ಬರಿಸಿಬಿಡುತ್ತದೆ. ಈಗ ಬದುಕಿರುವ ಸೆಲ್ಲನ್ನು ಹೊಳೆಯಿಸುವ ಕ್ಯಾಲ್ಸೀನ್ ಬಣ್ಣ ಹಾಕಿ, ಹಸಿರು ಹೊಳೆಯುವುದನ್ನೇ ಎಣಿಸುತ್ತೇವೆ.

ಆಮೇಲೆ ಆಲ್ಜಿನೇಟ್ (ಕಡಲ ಪಾಚಿಯಿಂದ ಬರುವ ಅಂಟು, ಕ್ಯಾಲ್ಸಿಯಂ ಸೇರಿದರೆ ಜೆಲ್ ಆಗುತ್ತದೆ), ಜೆಲಾಟಿನ್ ಕಡೆ ಬಂದೆವು. ಅದಕ್ಕೆ ಗ್ರಾಫೀನ್ ಆಕ್ಸೈಡ್ ಮಿಲಿಗೆ ಅರ್ಧ ಮಿಲಿಗ್ರಾಂ ಆಸುಪಾಸು ಸಾಕು. ಕೊಂಡು ತಂದ ಆಕ್ಸೈಡ್ ಬಾಟಲಿಯ ಪಿಎಚ್ 3ರ ಹತ್ತಿರ, ಅಂದರೆ ತುಂಬಾ ಆಮ್ಲೀಯವಾಗಿ ಇತ್ತು. ಒಂದು ವಾರ ಡಯಾಲಿಸಿಸ್ ಮಾಡಿ, ಅಂದರೆ ಪೊರೆಯ ಚೀಲದಲ್ಲಿಟ್ಟು ಆಮ್ಲವನ್ನು ನೀರಿಗೆ ಬಿಡಿಸಿದ ಮೇಲೇ ಸೆಲ್ ಸಾಯುವುದು ನಿಂತಿತು. ಇನ್ನು ಪಿಬಿಎಸ್, ಅಂದರೆ ಸೆಲ್ ತೊಳೆಯುವ ಫಾಸ್ಫೇಟ್ ಉಪ್ಪುನೀರು. ಸಂಜೆ ಅದರಲ್ಲಿ ಮುಳುಗಿಸಿಟ್ಟ ಜೆಲ್ ಬೆಳಗ್ಗೆ ಫೋರ್ಸೆಪ್ಸಿಗೆ ಸಿಗದೆ ಲೋಳೆಯಾಗಿ ಜಾರಿತು. ಆಲ್ಜಿನೇಟನ್ನು ಹಿಡಿದಿಟ್ಟ ಕ್ಯಾಲ್ಸಿಯಂ ಅನ್ನು ಫಾಸ್ಫೇಟ್ ಎಳೆದುಕೊಳ್ಳುತ್ತದಲ್ವಾ. ಈಗ ಫಾಸ್ಫೇಟ್ ಇಲ್ಲದ ಹೆಪೆಸ್ ಸಲೈನಿಗೆ ಚೂರು ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸುತ್ತೇವೆ. ಎಷ್ಟು, ಯಾವ ಹಂತದಲ್ಲಿ ಅನ್ನೋದು ಸದ್ಯಕ್ಕೆ ನಮ್ಮ ಹತ್ತಿರವೇ ಇರಲಿ.

ದುಡ್ಡು ತಿಂದಿದ್ದು ಜೆಲ್ ಅಲ್ಲ, ಸೆಲ್ ಬೆಳೆಯಲು ಹಾಕುವ ಸೀರಂ (ರಕ್ತದ ತಿಳಿ). ಅರ್ಧ ಲೀಟರ್ ಬಾಟಲಿಗೆ ನಲವತ್ತು ಸಾವಿರದ ಹತ್ತಿರ ಕೊಟ್ಟ ನೆನಪು. ಇನ್‌ಕ್ಯುಬೇಟರಿಗೆ ಬ್ಯಾಟರಿ ಬೇರೆ, ಮೈಸೂರಿಂದ ಬರುವ ಸಿಒ2 ಸಿಲಿಂಡರ್ ಬೇರೆ. ಜುಲೈನ ಬೂಷ್ಟು ಒಂದು ಸಲ ಇಡೀ ಬ್ಯಾಚ್ ನುಂಗಿತು. ಇನ್‌ಕ್ಯುಬೇಟರಿನ ಟ್ರೇ ನೀರಿಗೆ ಕಾಪರ್ ಸಲ್ಫೇಟ್ ಹಾಕಿದ ಮೇಲೆ ಕಾಟ ತಗ್ಗಿದೆ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಆಲ್ಜಿನೇಟಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಕಲಸಿ, ನಿಧಾನಕ್ಕೆ ಆಮ್ಲ ಬಿಡುವ ಜಿಡಿಎಲ್ ಪುಡಿಯ ಬದಲು ನಮ್ಮ ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಹನಿಸಿದೆ. ನೊರೆ ಎದ್ದು ನಿಧಾನಕ್ಕೆ ಗಟ್ಟಿಯಾಯಿತು, ಆದರೂ ಮೆತ್ತಗೇ ಉಳಿಯಿತು. ಸೆಲ್ ಹಾಕುವಂಥದ್ದಲ್ಲ. ಪಂದಿ ಕರಿಗೇ ಸರಿ.

ಈಗ ಸ್ನಾಯುವಿನ ಸೆಲ್ ಶುರು ಮಾಡಿದ್ದೇವೆ. ಅವಕ್ಕೆ ವಿದ್ಯುತ್ ಹರಿಯುವ ಜೆಲ್ ಇದ್ದರೆ ಒಳ್ಳೆಯದು, ಗ್ರಾಫೀನ್ ಆಕ್ಸೈಡ್ ಹಾಗೇ ಇದ್ದರೆ ಕರೆಂಟ್ ಸರಿಯಾಗಿ ಹರಿಯಲ್ಲ. ಅದರ ಆಮ್ಲಜನಕ ಕಳೆಯಲು ಜೆಲ್ ಕೂತ ಮೇಲೆ ವಿಟಮಿನ್ ಸಿ ಕೊಟ್ಟು ನೋಡುತ್ತಿದ್ದೇವೆ. ಜೆಲಾಟಿನ್ ಇರುವುದರಿಂದ 95 ಡಿಗ್ರಿಗೆ ಹೋಗುವಂತಿಲ್ಲ, 37ರಲ್ಲೇ ಇಟ್ಟಿದ್ದೇವೆ. ಕಂದು ಬಣ್ಣ ಕಪ್ಪಿಗೆ ತಿರುಗಲು ಶುರುವಾಗಿದೆ.